ಕುರ್ಚಿಯ ಮೇಲಿನ ಟಿಶ್ಯೂ ಪೊಟ್ಟಣ

ಊಟದ ಮೇಜಿನ ಮೇಲೆ ಒಂಟಿಯಾಗಿ ಕುಳಿತ ಟಿಶ್ಯೂ ಪೊಟ್ಟಣವನ್ನು ಕಂಡರೆ ನಾನಿಂದಿಗೂ ಸ್ವಲ್ಪ ವಿನೀತಳಾಗುತ್ತೇನೆ. ಸಿಂಗಾಪುರಕ್ಕೆ ಬಂದ ಹೊಸತರಲ್ಲಿ, ಹೌಗಾಂಗ್ ಬಡಾವಣೆಯಲ್ಲಿ, ಸಾಲು ತಿಂಡಿ ಅಂಗಡಿಗಳ ನಡುವೆ ಎಲ್ಲರಿಗೂ ಸೇರಿದ ಮೇಜುಗಳಿರುವ ಹಾಕರ್ ಸೆಂಟರಿನಲ್ಲಿ ಅಂಥದೊಂದನ್ನು ನೋಡಿ, ಪಾಪ ಯಾರೋ ಮರೆತು ಹೋಗಿದ್ದಾರೆಂದು, ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಪ್ರಾಮಾಣಿಕತೆಯಿಂದ ಅದನ್ನು ಮೇಜು ಒರೆಸುವಾಕೆಯ ಕೈಗೊಪ್ಪಿಸಿ, ಅಲ್ಲೇ ಸುಖಾಸೀನಳಾಗಿದ್ದೆ. ನೂಡಲ್ಸ್ ತಟ್ಟೆ ಹಿಡಿದು ಬಂದ ದಂಪತಿಗಳು ನನ್ನನ್ನು ನೋಡಿದ ನೋಟವೋ!

"ಅಮ್ಮಾ, ಅದು ಸೀಟ್ ಹಿಡಿಯೋಕೆ ಇಟ್ಟಿದ್ದು ಲಾ! ಏಳು, ಮಾನ ಹೋಗ್ತಿದೆ," ಎಂದು, ಮಾತಿನ ಕೊನೆಗೆ 'ಲಾ' ಸೇರಿಸುವ ಇಲ್ಲಿನವರ ರೂಢಿಯನ್ನು ಶಾಲೆಯಲ್ಲಿ ಆಗಲೇ ಕಲಿತಿದ್ದ ಏಳು ವರ್ಷದ ಮಗಳು ನನ್ನ ದುಪಟ್ಟಾ ಎಳೆದಳು.

ಆಗ ಊರೆಲ್ಲ ಕ್ರೇನುಗಳು. ನೋಡನೋಡುತ್ತ ಮಹಡಿಯೇರುತ್ತಿದ್ದ ಕಟ್ಟಡಗಳ ನಡುವೆ, ಮದುವೆಯ ಗಡಿಬಿಡಿಯಲ್ಲಿ ಮೈಸೂರಿನಲ್ಲೇ ನಿಂತುಹೋದ ನನ್ನ ಓದು ಮಾತ್ರ ಅಡಿಪಾಯದಲ್ಲೇ ಇತ್ತು. ಹಾಗಿರುವಾಗ ಹತ್ತಿರದ ಕಾಲೇಜೊಂದು, ಓದು ಅರ್ಧಕ್ಕೆ ಬಿಟ್ಟ ದೊಡ್ಡವರಿಗೆಂದೇ ಬೆಳಗಿನ ತರಗತಿ ತೆರೆಯಿತು. ಅದನ್ನು ದಾಟಿದರೆ ಶಿಶುವಿಹಾರದ ಶಿಕ್ಷಕಿಯಾಗುವ ಡಿಪ್ಲೊಮಾ. ಮೊದಲ ದಿನ ಮೇಷ್ಟ್ರು ಒಳಬಂದಾಗ ನಾನೊಬ್ಬಳೇ ಎದ್ದು ನಿಂತು ರಾಗವಾಗಿ ಗುಡ್ ಮಾರ್ನಿಂಗ್ ಹೇಳಿದೆ. ನನ್ನ ತಮ್ಮನ ವಯಸ್ಸಿನ ಮೇಷ್ಟ್ರು ಗಾಬರಿಯಾದರು. ಚಿಕನ್ ರೈಸ್ ಅಂಗಡಿಯಲ್ಲಿ ಮೂವತ್ತು ವರ್ಷ ಸೌಟು ಹಿಡಿದಿದ್ದ ಪಕ್ಕದ ಕುರ್ಚಿಯ ಲಿಮ್ ಆಂಟಿ ನಕ್ಕೂ ನಕ್ಕೂ ನನ್ನ ಗೆಳತಿಯಾದಳು.

ಆಮೇಲೆ ಗಣಿತ ಬಂತು. ಪರೀಕ್ಷೆಯಲ್ಲಿ ನೂರಕ್ಕೆ ಹತ್ತೊಂಬತ್ತು. ನಾಚಿಕೆಯಿಂದ ಎರಡು ತರಗತಿ ತಪ್ಪಿಸಿ, ಮನೆಯ ಹಿತ್ತಾಳೆಯನ್ನೆಲ್ಲ ಉಜ್ಜುತ್ತಾ ಕುಳಿತೆ. ಮೂರನೆಯದೂ ತಪ್ಪಿದರೆ ನನ್ನ ಜಾಗ ಕಾದಿರುವವರ ಪಾಲು ಎಂಬುದು ನಿಯಮ. ಆ ಮೂರನೆಯ ತರಗತಿಯ ಬೆಳಿಗ್ಗೆ ಯಜಮಾನರು ಥಳಥಳಿಸುವ ಚೊಂಬಿನಲ್ಲಿ ಮುಖ ನೋಡಿಕೊಂಡು, "ಇನ್ನು ಉಜ್ಜೋಕೆ ಏನೂ ಉಳಿದಿಲ್ಲ ಕಣೇ. ಹೋಗ್ಬಾ," ಎಂದರು.

ಬಸ್ಸಿಳಿದು ಓಡಿದರೂ ಇಪ್ಪತ್ತು ನಿಮಿಷ ತಡ. ಬಾಗಿಲಲ್ಲಿ ನಿಂತು ನೋಡುತ್ತೇನೆ: ಪಟ್ಟಿಯಲ್ಲಿ ಕಾದಿದ್ದ ಹೆಂಗಸೊಬ್ಬಳು ಚೀಲ ಅಪ್ಪಿಕೊಂಡು ನನ್ನ ಕುರ್ಚಿಯ ಬಳಿ ನಿಂತಿದ್ದಾಳೆ, ಕೂತಿಲ್ಲ. ಕುರ್ಚಿಯ ಮೇಲೊಂದು ಟಿಶ್ಯೂ ಪೊಟ್ಟಣ! ಲಿಮ್ ಆಂಟಿ ತನ್ನ ಅಂಗಡಿಯ ಇಂಗ್ಲಿಷಿನಲ್ಲಿ ಮೇಷ್ಟ್ರಿಗೇ, "ಇಲ್ಲಿ ಜನ ಇದ್ದಾರೆ ಲಾ! ಟಿಶ್ಯೂ ಕಾಣಲ್ವಾ?" ಎಂದು ದಬಾಯಿಸುತ್ತಿದ್ದಳು. ಕಾಲೇಜಿನ ನಿಯಮವನ್ನೆಲ್ಲ ಬಲ್ಲ ಮೇಷ್ಟ್ರು ಈ ನಿಯಮದೆದುರು ತಲೆ ಕೆರೆದುಕೊಂಡರು. ನನ್ನನ್ನು ಕಂಡವರೇ ಹಾಜರಿ ಹಾಕಿ, ಪಕ್ಕದ ಕೋಣೆಯಿಂದ ಇನ್ನೊಂದು ಕುರ್ಚಿಯನ್ನು ತಾವೇ ಹೊತ್ತು ತಂದು ಆ ಹೆಂಗಸನ್ನೂ ಕೂರಿಸಿಕೊಂಡರು.

ಎರಡನೆಯ ಸಲ ಗಣಿತ ನನ್ನನ್ನು ದಾಟಗೊಟ್ಟಿತು. ಮುಂದೆ ಎಷ್ಟೋ ವರ್ಷ ಪುಟ್ಟ ಮಕ್ಕಳು ರಾಗವಾಗಿ ನನಗೇ ಗುಡ್ ಮಾರ್ನಿಂಗ್ ಹೇಳಿದರು.

ಈಗಲೂ ಗಿಜಿಗುಡುವ ಹಾಕರ್ ಸೆಂಟರಿನಲ್ಲಿ ತಟ್ಟೆ ಹಿಡಿದು ಜಾಗ ಹುಡುಕುವಾಗ ಅಂಥ ಪೊಟ್ಟಣವೊಂದು ಕಣ್ಣಿಗೆ ಬೀಳುತ್ತದೆ. ನನ್ನ ದೋಸೆ ಆರುತ್ತದೆ, ಆರಲಿ ಬಿಡಿ. ಯಾರೋ ಬರುವವರಿದ್ದಾರೆ, ಕೊಂಚ ತಡವಾಗಿದೆ, ಅಷ್ಟೇ.