ಹಗೂರ ಗಾಲಿ

ಭಾವನ ಬಲಗೈ ಹೆಬ್ಬೆರಳು ಉಳಿದ ಬೆರಳುಗಳ ಕುಲದ್ದೇ ಅಲ್ಲವೇನೋ ಎನ್ನುವಷ್ಟು ಅಗಲವಾಗಿ, ಚಪ್ಪಟೆಯಾಗಿತ್ತು. ಉಗುರಿನ ಸುತ್ತ ಕೂತಿದ್ದ ರಬ್ಬರಿನ ಕರಿ ಯಾವ ಸೀಗೆಪುಡಿಗೂ ಬಗ್ಗುತ್ತಿರಲಿಲ್ಲ. ಟಾಯರು ಒತ್ತಿ ಒತ್ತಿ ಹಾಗಾಗಿತ್ತು. ಆ ಬೆರಳಿಗೆ ಒಂದು ಚಟ ಬೇರೆ: ಏನು ಕಂಡರೂ ಒತ್ತಿ ನೋಡಬೇಕು. ಪೇರಲಹಣ್ಣಾಗಲಿ, ಗಾದಿಯಾಗಲಿ, ತಾಟಿಗೆ ಬಡಿಸಿದ ಭಕ್ರಿಯಾಗಲಿ, ಬಿಡುತ್ತಿರಲಿಲ್ಲ. "ಅದೇನ ಪಂಚರ್ ಆಗಿಲ್ಲ, ಉಣ್ರಿ" ಎಂದು ಅಕ್ಕ ಗದರುತ್ತಿದ್ದಳು.

ಅವರು ನನ್ನ ಅಕ್ಕನ ಗಂಡ. ಧಾರವಾಡದ ಕಡೆಯವರು. ಪುಣೆ ಕ್ಯಾಂಪಿನಲ್ಲಿ ಟಾಯರು, ಟ್ಯೂಬುಗಳ ಸಣ್ಣ ಅಂಗಡಿ ಇಟ್ಟಿದ್ದರು. ಆಗಿನ್ನೂ ಊರೆಲ್ಲ ಟಾಂಗಾಗಳದೇ ರಾಜ್ಯ. ಮೋಟಾರು ಇದ್ದವರೆಂದರೆ ಗೋರಾ ಸಾಹೇಬರು, ಪಾರ್ಸಿಗಳು, ಒಬ್ಬಿಬ್ಬರು ಡಾಕ್ಟರರು. ಭಾವನ ಹತ್ತಿರವೂ ಒಂದು ಹಳೆಯ ಮೋಟಾರು ಇತ್ತು, ವಿಲಾಯತಿಗೆ ಮರಳಿದ ಯಾವನೋ ಸಾಹೇಬ ಬಿಟ್ಟುಹೋದದ್ದು.

ನಾನು ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿನ ಅಡಿಗೆಮನೆಯ ಮೂಲೆ ಸೇರಿದವಳು. ಭಾವ ಒಂದು ದಿನ ಬಂದು ನನ್ನ ಅಪ್ಪನ ಎದುರು ಕೂತು, "ಮಾವನವರ, ಈಕಿನ್ನ ನಾ ಪುಣೇಕ ಕರಕೊಂಡು ಹೋಗ್ತೀನ್ರಿ. ಓದ್ಲಿ. ಇಲ್ಲೇ ಇಟ್ರ ಹೊಗಿ ಕುಡುದು ಸಾಯ್ತಾಳ" ಎಂದರು. ಅಪ್ಪನಿಗೆ ಸಿಟ್ಟು ಬಂತು, ಊರವರು ನಾಲ್ಕು ಮಾತಾಡಿದರು. ಭಾವ ಕಿವಿಗೆ ಹಾಕಿಕೊಳ್ಳಲಿಲ್ಲ. ಪುಣೆಯಲ್ಲಿ ನನ್ನನ್ನು ಓದಿಸಿ, ಟ್ರೇನಿಂಗು ಮಾಡಿಸಿ, ಕನ್ಯಾಶಾಲೆಯಲ್ಲಿ ಪಾಠ ಹೇಳುವ ಅಕ್ಕೋರನ್ನಾಗಿ ಮಾಡಿದರು. ಇವತ್ತು ನಾನು ಉಣ್ಣುವ ಅನ್ನ ಅವರದು. ಈ ಮಾತಿಗೆ ಸುತ್ತುಬಳಸು ಬೇಡ.

ಅಕ್ಕನಿಗೆ ಬೆನ್ನೆಲುಬಿನ ಕ್ಷಯ ಹತ್ತಿತು. ಹಲಗೆಯ ಮೇಲೆ ಅಂಗಾತ ಮಲಗಿಯೇ ಇರಬೇಕೆಂದು ಡಾಕ್ಟರರು ಹೇಳಿದರು. ಯಾರಾದರೂ ಮಂಚಕ್ಕೆ ಕಾಲು ತಾಗಿಸಿದರೂ ಹಲ್ಲು ಕಚ್ಚಿ ನರಳುತ್ತಿದ್ದಳು. ಅದೇ ವರ್ಷ, ಇಂದಾಪುರಕ್ಕೆ ಕೊಟ್ಟಿದ್ದ ಅವಳ ಒಬ್ಬಳೇ ಮಗಳು ಬಸುರಿಯಾದಳು. ಚೊಚ್ಚಲ ಹೆರಿಗೆ ತವರಲ್ಲಾಗಬೇಕು, ಅದು ಪದ್ಧತಿ. ಆದರೆ ಕ್ಷಯದ ಮನೆಗೆ ಬಸುರಿಯನ್ನು ಯಾರು ಕಳಿಸುತ್ತಾರೆ? ಬೀಗರು ಕಳಿಸಲಿಲ್ಲ, ತಪ್ಪೆನ್ನುವಂತೆಯೂ ಇರಲಿಲ್ಲ. ಶ್ರಾವಣದಲ್ಲಿ ಗಂಡುಕೂಸು ಹುಟ್ಟಿದ ಸುದ್ದಿ ಬಂತು. ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿ ಬಹಳ ಹೊತ್ತು ಅತ್ತಳು. ಆಮೇಲೆ ಭಾವನನ್ನು ಕರೆದು ಹೇಳಿದಳು, "ಮುಟ್ಟೂದಿಲ್ಲ, ಎತಗೊಳ್ಳೂದಿಲ್ಲ. ದೂರದಿಂದ ಒಮ್ಮೆ ಕೂಸಿನ ಮಾರಿ ನೋಡ್ತೀನಿ. ನನ್ನ ಹಗೂರ ಒಯ್ರಿ, ಅಷ್ಟ ಸಾಕು."

ಈ 'ಹಗೂರ' ಎಂಬ ಮಾತು ಭಾವನ ತಲೆ ಹೊಕ್ಕಿತು. ಅವರ ಮೋಟಾರಿಗೆ ಇದ್ದದ್ದು ಕಟ್ಟಿಗೆಯ ಕಡ್ಡಿಗಳ ದಪ್ಪ ಗಾಲಿ, ಅದರ ಮೇಲೆ ಕಲ್ಲಿನಂತೆ ಗಾಳಿ ತುಂಬಿದ ಸಣ್ಣ ಟಾಯರು. ಇಂದಾಪುರಕ್ಕೆ ಹೋಗುವ ಸೋಲಾಪುರದ ಖಡಿ ರಸ್ತೆಯ ಜಲ್ಲಿಕಲ್ಲಿನ ಮೇಲೆ ಆ ಗಾಡಿ ಗಟ್ಟಿಮುಟ್ಟಾದವರ ಎಲುಬನ್ನೂ ಸಡಿಲ ಮಾಡುತ್ತಿತ್ತು. ಭಾವ ಊಟದ ಹೊತ್ತಿನಲ್ಲೂ ಗಾಲಿಯದೇ ಮಾತು ಹಿಡಿದರು. "ಭಾರದ ಗಾಲಿ ತನಗ ಬಿದ್ದ ಪೆಟ್ಟು ಮ್ಯಾಲ ಕೂತವ್ರಿಗೆ ಕೊಡತದ, ತಂಗೆವ್ವಾ. ಹಗೂರ ಗಾಲಿ ತಾನ ತಿಂತದ" ಎಂದರು ನನಗೆ. ಅವರನ್ನು ಯಾರಾದರೂ ಅರ್ಥ ಮಾಡಿಕೊಳ್ಳಬೇಕಾದರೆ ಈ ಒಂದು ಮಾತು ಸಾಕು. ಮನುಷ್ಯರನ್ನೂ ಅವರು ಹೀಗೆಯೇ ಎರಡು ಪಾಲು ಮಾಡುತ್ತಿದ್ದರು.

ಅಪಘಾತದಲ್ಲಿ ಮುರಿದುಬಿದ್ದಿದ್ದ ಪಾರ್ಸಿ ಗಿರಾಕಿಯೊಬ್ಬನ ಗಾಡಿಯಿಂದ ತಂತಿಯ ಕಡ್ಡಿಗಳ ಗಾಲಿಗಳನ್ನು ತಂದರು. ಅವು ನಮ್ಮ ಗಾಡಿಯ ಅಚ್ಚಿಗೆ ಕೂಡಲೊಲ್ಲವು. ಬೇಕಾದ ಸಾಮಾನು ಮುಂಬಯಿಯಿಂದ ಬರಬೇಕು. ದಸರೆ ಹೋಯಿತು, ದೀಪಾವಳಿ ಹೋಯಿತು. ಅಕ್ಕ ದಿನವೂ ಕೇಳುತ್ತಿದ್ದಳು, "ಯಾವಾಗ್ರಿ?" ಭಾವ, "ಆತು, ಇನ್ನೇನು ಆತು" ಎನ್ನುತ್ತಿದ್ದರು.

ಗಾಲಿ ಕೂತ ಮೇಲೆ ಪರೀಕ್ಷೆ. ಪರೀಕ್ಷೆಗೆ ನಾನು. ಭಾನುವಾರ ಬಂತೆಂದರೆ ಹಿಂದಿನ ಸೀಟಿನ ಮೇಲೆ ಹಲಗೆ, ಹಲಗೆಯ ಮೇಲೆ ಗಾದಿ, ಗಾದಿಯ ಮೇಲೆ ಕನ್ಯಾಶಾಲೆಯ ಅಕ್ಕೋರು ಅಂಗಾತ! ನಾವಿದ್ದ ವಾಡೆಯ ಬಿಡಾರಗಳ ಹೆಂಗಸರು ಜಗಲಿಗೆ ಬಂದು ನಿಂತು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಹಡಪ್ಸರದ ದಾರಿಯಲ್ಲಿ ಭಾವ ಗಾಡಿ ಬಿಡುತ್ತ, "ಎಲ್ಲಿ ಕುಕ್ಕಿತು? ನಡಕ್ಕೋ, ಹೆಗಲಿಗೋ?" ಎಂದು ಕೂಗುವರು. ನಾನು ಆಕಾಶ ನೋಡುತ್ತ, "ನಡಕ್ಕ್ರಿ!" ಎಂದು ಕೂಗುವೆ. ನನಗೆ ತಾಳ್ಮೆ ಮೊದಲಿನಿಂದಲೂ ಕಡಿಮೆ. ಆದರೂ ಸುಳ್ಳು ಹೇಳಲಾರೆ, ವ್ಯತ್ಯಾಸ ನಿಜವಾಗಿತ್ತು. ಹಗುರ ಗಾಲಿ ಬಂದ ಮೇಲೆ ತಗ್ಗು ಬಂದಾಗ ಬೆನ್ನಿಗೆ ಗುದ್ದುತ್ತಿದ್ದ ಪೆಟ್ಟು ತಗ್ಗಿತು. ಗಾಲಿ ತಾನೇ ಇಳಿದು ತಾನೇ ಏರುತ್ತಿತ್ತು, ಗಾಡಿ ಅಷ್ಟಾಗಿ ಹಾರುತ್ತಿರಲಿಲ್ಲ. ಖಡಿಯ ಸಣ್ಣ ನಡುಕ ಮಾತ್ರ ಹಲ್ಲಿನವರೆಗೂ ಬರುತ್ತಿತ್ತು. "ಅದು ಟಾಯರಿಂದು" ಎಂದು ಭಾವ ದಪ್ಪ ಟಾಯರು ತರಿಸಿ, ಗಾಳಿ ಕಡಿಮೆ ತುಂಬಿದರು. ನಡುಕ ಹೋಯಿತು, ಆದರೆ ತಿರುವಿನಲ್ಲಿ ಗಾಡಿ ತೊಟ್ಟಿಲಿನಂತೆ ತೂಗಿ ನನಗೆ ವಾಂತಿಯಾಯಿತು. ಮತ್ತೆ ಸ್ವಲ್ಪ ಗಾಳಿ ತುಂಬಿದರು, ಮತ್ತೆ ಇಳಿಸಿದರು. ಹೀಗೆ ಸಂಕ್ರಾಂತಿಯೂ ದಾಟಿತು. ಅಕ್ಕ ಅಷ್ಟರಲ್ಲಿ ಹಾಸಿಗೆಯಲ್ಲಿ ಇದ್ದಾಳೋ ಇಲ್ಲವೋ ಎನ್ನುವಂತಾಗಿದ್ದಳು.

ಕೊನೆಗೆ ಹೊರಟೆವು, ಇನ್ನೂ ಬೆಳಕು ಹರಿದಿರಲಿಲ್ಲ. ಭಾವ ಅಕ್ಕನನ್ನು ಎರಡೂ ತೋಳಲ್ಲಿ ಎತ್ತಿ ತಂದು ಗಾದಿಯ ಮೇಲೆ ಮಲಗಿಸಿ, "ನೋಡು, ನೀ ಹೇಳಿದಂಗ ಗಾಲಿ ಹಗೂರ ಮಾಡೀನಿ" ಎಂದರು. ಅಕ್ಕ ಅವರ ಮುಖವನ್ನೇ ನೋಡಿದಳು.

"ನಾ ಎಲ್ಲಿ ಗಾಲಿ ಅಂದಿದ್ದೆರಿ?" ಎಂದಳು. "ಹಗೂರ ಒಯ್ರಿ ಅಂದ್ರ, ಸಾವಕಾಶ ಹೋಗೂಣು ಅಂತ ಅಂದಿದ್ದೆ. ಯಾಡ್ ದಿನಾ ಆದ್ರೂ ಅಡ್ಡಿ ಇಲ್ಲ, ಅಲ್ಲಲ್ಲಿ ನಿಂತು ನಿಂತು ಹೋಗೂಣು ಅಂತ."

ಅವಳಿಗೆ ನಗು ಬಂತು, ನಗಲು ಆಗಲಿಲ್ಲ. ಹಗುರಕ್ಕೂ ನಿಧಾನಕ್ಕೂ ನಮ್ಮ ಕಡೆ ಒಂದೇ ಮಾತು. ಹೊರಗೆ ಇಡೀ ದಿನ ಮರಾಠಿ ಆಡುವವರು ನಾವು. ಆ ಭಾಷೆಯಲ್ಲಿ ತೂಕದ ಹಗುರಕ್ಕೆ ಹಲಕಾ, ನಿಧಾನಕ್ಕೆ ಹಳೂ. ಮರಾಠಿಯಲ್ಲಿ ಕೇಳಿದ್ದರೆ ಅಕ್ಕ ಶ್ರಾವಣದಲ್ಲೇ ಮೊಮ್ಮಗನನ್ನು ನೋಡುತ್ತಿದ್ದಳು. ಆದರೆ ಗಂಡನ ಹತ್ತಿರ ಮನಸ್ಸಿನ ಮಾತನ್ನು ಯಾರು ಮರಾಠಿಯಲ್ಲಿ ಕೇಳುತ್ತಾರೆ? ಭಾವ ಬಾಗಿಲು ಹಾಕಿದರು.

ಅವತ್ತು ಅವರು ಗಾಡಿ ಬಿಟ್ಟದ್ದನ್ನು ನೋಡಬೇಕಿತ್ತು. ಎತ್ತಿನ ಗಾಡಿಯವರು ನಮ್ಮನ್ನು ನೋಡಿ ನಕ್ಕರು. ನಾನು ಮುಂದೆ ಭಾವನ ಪಕ್ಕ ಕೂತಿದ್ದೆ. ದಾರಿಯುದ್ದಕ್ಕೂ ಅವರು, "ಕುಕ್ಕತದೇನು?" ಎಂದು ಕೇಳುವುದು, ಹಿಂದಿನಿಂದ ಅಕ್ಕ, "ಇಲ್ರಿ" ಎನ್ನುವುದು. ಮಧ್ಯಾಹ್ನದ ಹೊತ್ತಿಗೆ ಇಂದಾಪುರ. ಬೀಗರ ಮನೆಯ ಮುಂದಿನ ಬೇವಿನ ನೆರಳಿನಲ್ಲಿ ಗಾಡಿ ನಿಲ್ಲಿಸಿದೆವು. ಮಗಳು ಕೂಸನ್ನು ಎತ್ತಿಕೊಂಡು ಬಂದು, ಮಾರು ದೂರದಲ್ಲಿ ನಿಂತು, ಕುಂಚಿಗೆ ಸರಿಸಿ ತೋರಿಸಿದಳು. ಅವಳ ಅಳು ನಿಲ್ಲಲೊಲ್ಲದು. ಅಕ್ಕ ಮಾತ್ರ ಅಳಲಿಲ್ಲ. ನೋಡಿದಳು, ನೋಡಿಯೇ ನೋಡಿದಳು. "ಮೂಗು ನಿನ್ನಪ್ಪಂದ ಅದ, ಪಾಪ" ಎಂದಳು. ಎಲ್ಲರೂ ಅಳುತ್ತಲೇ ನಕ್ಕೆವು.

ಮರಳುವಾಗ ಪಾಟಸ್ ದಾಟಿದ ಮೇಲೆ ಭಾವ ಮತ್ತೆ ಕೇಳಿದರು. ಅಕ್ಕ, "ಇನ್ನ ಕೇಳಬ್ಯಾಡ್ರಿ. ಭಾಳ ಛಂದ ನಿದ್ದಿ ಬರ್ಲಿಕ್ಕತ್ತದ" ಎಂದಳು. ಅವರು ಕೇಳಲಿಲ್ಲ. ನಾನೂ ಹೊರಳಿ ನೋಡಲಿಲ್ಲ, ಎಚ್ಚರವಾದೀತೆಂದು.

ರಾತ್ರಿ ಊಟದ ಹೊತ್ತಿಗೆ ವಾಡೆ ಮುಟ್ಟಿದೆವು. ಭಾವ ಎಂಜಿನು ಆರಿಸಿ, ಎಷ್ಟೋ ತಿಂಗಳ ಮೇಲೆ ಮೊದಲ ಸಲ ಮುಖ ಅರಳಿಸಿ ಪಿಸುಮಾತಿನಲ್ಲಿ ಹೇಳಿದರು, "ನೋಡಿದೇನು ತಂಗೆವ್ವಾ? ಪಾಟಸದಿಂದ ಒಂದ ಸಲಾನೂ ನರಳಿಲ್ಲ."

ನಾನು ಹಿಂದಿನ ಬಾಗಿಲು ತೆರೆದು ಅಕ್ಕನ ಕಾಲು ಮುಟ್ಟಿದೆ. ತಣ್ಣಗಿತ್ತು.

ಬಂದವರೆಲ್ಲ ಒಂದೇ ಮಾತು ಹೇಳಿದರು: ಪುಣ್ಯವಂತೆ, ಮುತ್ತೈದೆಯಾಗಿ, ಮೊಮ್ಮಗನ ಮುಖ ನೋಡಿ, ನೋವಿಲ್ಲದೆ ಹೋದಳು. ಡಾಕ್ಟರರೂ ದಾರಿಯಿಂದ ಏನೂ ಆಗಿಲ್ಲ, ಆಯುಷ್ಯವೇ ಅಷ್ಟಿತ್ತು ಎಂದರು. ಭಾವ ಎಲ್ಲರಿಗೂ ತಲೆಯಾಡಿಸಿದರು. ಹದಿಮೂರನೆಯ ದಿನ ಮುಗಿದ ಮೇಲೆ ನಾನೂ ಅದೇ ಸಮಾಧಾನ ಹೇಳಹೋದೆ. "ಅಕ್ಕಗ ನೋವಾಗಲಿಲ್ಲಲ್ರಿ ಭಾವಾ, ಅದೊಂದು ದೊಡ್ಡದು" ಎಂದೆ.

ಅವರು ನನ್ನನ್ನು ದಿಟ್ಟಿಸಿ ನೋಡಿದರು. "ನರಳಿದ್ರ ಗಾಡಿ ನಿಲ್ಲಸ್ತಿದ್ನಲ್ಲ, ತಂಗೆವ್ವಾ" ಎಂದರು. "ನಿಲ್ಲಿಸಿ ಆಕಿ ಕೈ ಹಿಡಕೊಂಡು ಕೂಡ್ತಿದ್ದೆ."

ಆ ಗಾಡಿಯನ್ನು ಅವರು ಮಾರಿಬಿಟ್ಟರು. ಅಂಗಡಿ ನಡೆಸಿದರು, ಬಂದವರಿಗೆ ಟಾಯರು ಹಾಕಿಕೊಟ್ಟರು, ಆದರೆ ಯಾರ ಮೋಟಾರಿನಲ್ಲೂ ಮತ್ತೆ ಕೂರಲಿಲ್ಲ. ಎಲ್ಲಿಗೆ ಹೋಗುವುದಿದ್ದರೂ ನಡೆದೇ ಹೋಗುತ್ತಿದ್ದರು.

ಕೆಲವು ವರ್ಷಗಳ ಮೇಲೆ ಅವರಿಗೆ ಹೊಟ್ಟೆಯ ಬೇನೆ ಬಂತು. ಅದು ಕೆಟ್ಟ ಸಾವು. ಗಟ್ಟಿ ಮನುಷ್ಯ, ಆದರೂ ಓಣಿಗೆಲ್ಲ ಕೇಳುವಂತೆ ನರಳಿದರು. ಕೇಳಲಾರದೆ ನೆಂಟರು ಹೊರಗೆ ಹೋಗಿ ಕೂತರು. ನಾನು ಶಾಲೆಗೆ ರಜೆ ಹಾಕಿ ಅವರ ಕೈ ಹಿಡಿದು ಕೂತಿದ್ದೆ. ಪ್ರತಿ ಸಲ ನರಳಿದಾಗಲೂ, "ಇದ್ದೀನಿ ಭಾವಾ, ಇಲ್ಲೇ ಇದ್ದೀನಿ" ಎಂದೆ. ಅವರ ಋಣದಲ್ಲಿ ನನ್ನಿಂದ ತೀರಿಸಲಾದದ್ದು ಅಷ್ಟೇ.