ಶಾಲೆಯ ಕೊಡಿ

ಬೆಳ್ತಂಗಡಿಯಿಂದ ಚಾರ್ಮಾಡಿಗೆ ಹೋಗುವ ದಾರಿಯಲ್ಲೊಂದು ಏಕೋಪಾಧ್ಯಾಯ ಶಾಲೆ. ಅದೇ ನನ್ನ ಮೊದಲ ನೌಕರಿ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗೋ ಮೂಗಿನ ತುದಿಯಲ್ಲೇ ಕೋಪ.

ಆಗಸ್ಟ್ ಹದಿನೈದರ ಬೆಳಿಗ್ಗೆ ಊರಿನ ದೊಡ್ಡ ಜಮೀನ್ದಾರರಾದ ಗುತ್ತಿನ ಯಜಮಾನರು ಬಂದು ಧ್ವಜ ಏರಿಸಿ ಹೋದರು. ನಾನು ಭಾಷಣ ಬಿಗಿದೆ: ಕೇಸರಿ ತ್ಯಾಗಕ್ಕೆ, ಬಿಳಿ ಸತ್ಯಕ್ಕೆ, ಹಸಿರು ಬೆಳೆಯುವ ನೆಲಕ್ಕೆ, ಮೊದಲು ನಡುವೆ ಚರಕವಿತ್ತು, ಈಗ ಧರ್ಮಚಕ್ರ, ಈ ಧ್ವಜ ಎಲ್ಲರದು. ಮಕ್ಕಳು ಬೆಲ್ಲ ಅವಲಕ್ಕಿ ತಿಂದು ಮನೆಗೆ ಓಡಿದರು. ಮಧ್ಯಾಹ್ನವೇ ಧ್ವಜ ಮಡಚಿಟ್ಟು ಮೂಡುಬಿದಿರೆಯ ಮನೆಗೆ ಬಸ್ಸು ಹಿಡಿಯುವುದು ನನ್ನ ಉಪಾಯ.

ಹಗ್ಗಕ್ಕೆ ಕೈ ಹಾಕುವಾಗ ಅಂಗಳದ ಅಂಚಿನಲ್ಲಿ ಕುಳಿತಿದ್ದ ಮುದುಕರೊಬ್ಬರು ಎದ್ದು ಬಂದರು. ಯಜಮಾನರ ಗದ್ದೆಯ ಆಳು. ಧ್ವಜಕಂಬಕ್ಕೆ ಅಡಿಕೆ ಮರ ಕಡಿದು, ಹೆರೆದು, ನೆಟ್ಟವರು ಅವರೇ.

"ಇಳಿಸ್ಬೇಡಿ ಮಾಷ್ಟ್ರೇ. ಕೊಡಿ ಏರಿದ ಮೇಲೆ ಅದು ಇಳಿಯುವವರೆಗೆ ಊರು ಬಿಡ್ಲಿಕ್ಕಿಲ್ಲ."

ದೇವಸ್ಥಾನದ ಉತ್ಸವಕ್ಕೆ ಏರುವ ಬಾವುಟಕ್ಕೆ ನಮ್ಮ ಕಡೆ ಕೊಡಿ ಎನ್ನುತ್ತಾರೆ. ಆ ಕಟ್ಟಳೆಯನ್ನು ಇವರು ಇಲ್ಲಿಗೂ ತಂದಿದ್ದರು. ನನಗೆ ರೇಗಿತು.

"ಇದು ದೇವರ ಕೊಡಿ ಅಲ್ಲ ಮಾರಾಯ್ರೆ, ಸರಕಾರದ್ದು!"

"ಬೆಳಿಗ್ಗೆ ನೀವು ಎಲ್ಲರದ್ದು ಅಂತ ಹೇಳಿದ್ರಲ್ಲ?"

ಹಗ್ಗ ಬಿಟ್ಟೆ. ಹೊತ್ತು ಮುಳುಗುವಾಗ ಇಳಿಸಬೇಕೆಂಬ ನಿಯಮ ನನಗೂ ಗೊತ್ತಿತ್ತು. ಬಸ್ಸು ಹೋಯಿತು. ಮಳೆ ಬಂತೆಂದು ಅವರನ್ನು ಜಗಲಿಗೆ ಕರೆದು ಕೂರಿಸಿದೆ. ದೇವಸ್ಥಾನದ ಕೊಡಿಯನ್ನು ಅವರು ಹುಟ್ಟಿದಾಗಿನಿಂದ ಗೋಡೆಯ ಹೊರಗೆ ನಿಂತೇ ನೋಡಿದವರಂತೆ. ಹಗ್ಗ ಮುಟ್ಟುವ ಮಾತೇ ಇಲ್ಲ. ಧ್ವಜದ ಕಡೆ ನೋಡಿ ಕೇಳಿದರು:

"ಇದನ್ನು ನಾನು ಮುಟ್ಬಹುದಾ ಮಾಷ್ಟ್ರೇ?"

ಶಾಲೆಯ ಜಾಗ ಯಜಮಾನರದು. ಅವರ ಕಿವಿಗೆ ಬಿದ್ದರೆ ನನಗೆ ಎತ್ತಂಗಡಿ ಖಂಡಿತ, ಈ ಮುದುಕರಿಗೆ ಇನ್ನೇನು ಕಾದಿದೆಯೋ. ಹೆದರಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಬೆಳಿಗ್ಗೆ ಅಷ್ಟು ದೊಡ್ಡ ಗಂಟಲಲ್ಲಿ ಆಡಿದ ಮಾತನ್ನು ಸಂಜೆ ನುಂಗಿಕೊಳ್ಳಲು ಮನಸ್ಸು ಒಪ್ಪಲಿಲ್ಲ. ಹೊತ್ತು ಮುಳುಗುವಾಗ ಹಗ್ಗವನ್ನು ಅವರ ಕೈಗೇ ಕೊಟ್ಟೆ.

ಅವರು ಅವಸರ ಮಾಡಲಿಲ್ಲ. ಗೇಣು ಗೇಣಾಗಿ ಇಳಿಸಿ, ಒದ್ದೆ ಬಟ್ಟೆ ನೆಲಕ್ಕೆ ತಾಗದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡರು. ನಾನು ನೆಟ್ಟಗೆ ನಿಂತಿದ್ದೆ. ಬೆಳಿಗ್ಗೆ ಯಜಮಾನರ ಎದುರೂ ಹಾಗೆ ನಿಂತಿರಲಿಲ್ಲ.

ಧ್ವಜವನ್ನು ನನಗೆ ಕೊಟ್ಟು ಅವರು ಹೊರಟರು.

"ಇನ್ನು ಹೋಗಿ ಗಂಜಿ ಉಣ್ತೇನೆ."

ಕೊಡಿ ಏರಿದಾಗಿನಿಂದ ಅವರು ಒಂದು ತೊಟ್ಟು ನೀರೂ ಕುಡಿದಿರಲಿಲ್ಲ.