ನೀರಿನಡಿಯ ಗಿಡ್ಡ ಭತ್ತ

ಕುಮಟಾದ ಹಿನ್ನೀರಿನ ಪಕ್ಕದ ತಗ್ಗು ಬಯಲಲ್ಲಿ, ಅಂದರೆ ಗಜನಿಯಲ್ಲಿ, ನಮ್ಮದೊಂದು ಗದ್ದೆಯಿದೆ. ಮಳೆನೀರೂ ಉಬ್ಬರದ ಉಪ್ಪುನೀರೂ ಅಲ್ಲಿಗೆ ನುಗ್ಗುತ್ತವೆ. ಅದಕ್ಕೇ ಎಲ್ಲರೂ ಬಿತ್ತುವುದು ಕಗ್ಗ. ಆಳೆತ್ತರ ಬೆಳೆಯುವ ಈ ಭತ್ತ ನೀರು ಏರಿದರೂ ತಲೆ ಮೇಲಿಟ್ಟುಕೊಂಡಿರುತ್ತದೆ. ತೆನೆ ಮಾತ್ರ ಕೊಯ್ದು ದಂಟನ್ನು ಅಲ್ಲೇ ಬಿಡುತ್ತೇವೆ.

ಒಂದು ವರ್ಷ ನನ್ನ ಗಂಡ ರೈತರ ತರಬೇತಿಗೆ ಹೋಗಿ ಬಂದವರು ಗೋಧಿಯ ಕಥೆ ಶುರುಮಾಡಿದರು. ಎತ್ತರದ ಗೋಧಿ ಗಿಡ ಗೊಬ್ಬರ ಹೆಚ್ಚಾದರೆ ಅಡ್ಡ ಬೀಳುತ್ತಿತ್ತಂತೆ. ಗಿಡವನ್ನು ಗಿಡ್ಡ ಮಾಡುವ ಜೀನ್ ಸೇರಿಸಿದ ಮೇಲೆ ದಂಟಿಗೆ ಹೋಗುವ ಸತ್ವ ಕಾಳಿಗೆ ಹೋಗಿ ಇಳುವರಿ ಏರಿತಂತೆ. ಭತ್ತದಲ್ಲೂ ಅಂಥ ಗಿಡ್ಡ ತಳಿ ಇದೆಯಂತೆ. ಮಾತು ಸುಳ್ಳಲ್ಲ. ಆದರೆ ಈ ಮಹಾಶಯರು ಆ ಬೀಜ ತಂದು ಗಜನಿಗೇ ಬಿತ್ತಿದರು. "ಕಗ್ಗದ ದಂಟು ಬೆಳೆಸಿ ಎಂತ ಮಾಡುದು?" ಎಂದರು. ಅತ್ತೆ ಕಗ್ಗದ ಬೀಜವನ್ನು ಎತ್ತಿ ಅಟ್ಟದಲ್ಲಿಟ್ಟರು.

ಆಷಾಢದ ಮಳೆ ಬಿಡದೆ ಹೊಡೆಯಿತು. ಬೆಳಿಗ್ಗೆ ಮೂವರೂ ಒಡ್ಡಿನ ಮೇಲೆ ನಿಂತು ನೋಡಿದರೆ, ಪಕ್ಕದವರ ಗದ್ದೆಯಲ್ಲಿ ಕಗ್ಗದ ಎಲೆತುದಿಗಳು ಕಾಣುತ್ತಿದ್ದವು. ನಮ್ಮದರಲ್ಲಿ ಬರೀ ನೀರು. ಗಿಡ ಕೊಳೆತಿದೆಯೇ ನೋಡುತ್ತೇನೆಂದು ಇವರು ಇಳಿದೇಬಿಟ್ಟರು.

ಗಜನಿಗೆ ಇಳಿಯುವವರು ಎಲೆತುದಿ ನೋಡಿಕೊಂಡೇ ಕಾಲಿಡುತ್ತಾರೆ. ತುದಿ ಕಾಣದ ಕಡೆ ಆಳದ ಕಾಲುವೆ ಇರುತ್ತದೆ. ನಮ್ಮ ಗದ್ದೆಯಲ್ಲಿ ಎಲ್ಲೂ ತುದಿಯೇ ಇರಲಿಲ್ಲ. ಅದು ನನಗೆ ಹೊಳೆದದ್ದು ಇವರು ಇಳಿದ ಮೇಲೆ.

"ಮುಂದೆ ಹೋಗಬೇಡ್ವೋ ತಮಾ, ಕಾಲುವೆ ಅದೆ," ಅತ್ತೆ ಕೂಗಿದರು.

ಇವರು ತಿರುಗಿ, ಗೊತ್ತು ಎಂಬಂತೆ ಕೈಯೆತ್ತಿದರು. ಮರುಕ್ಷಣ ಕೈಯೂ ಇಲ್ಲ, ತಲೆಯೂ ಇಲ್ಲ.

ಹೋದರು ಎಂದೇ ತಿಳಿದೆ. ನಾನೂ ಹಾರಿಬಿಡುತ್ತೇನೆಂದು ಅತ್ತೆ ನನ್ನ ಸೆರಗನ್ನು ಬಿಗಿಯಾಗಿ ಹಿಡಿದಿದ್ದರು. ಕೊನೆಗೆ ಪಕ್ಕದ ಗದ್ದೆಯ ಅಂಚಿನಲ್ಲಿ ಕಗ್ಗ ಅಲುಗಾಡಿತು. ದಂಟುಗಳನ್ನು ಬಾಚಿ ಹಿಡಿದು, ಕೆಮ್ಮುತ್ತ ಇವರು ಮೇಲೆದ್ದರು.

"ಎಂತ ಆಗ್ಲಿಲ್ಲ ಮಾರಾಯ್ತಿ," ಎಂದರು, ಒಡ್ಡಿಗೆ ಬಂದು. ನನಗೆ ಎರಡು ಬಾರಿಸಬೇಕೆನ್ನಿಸಿತು. ಅಳು ಬಂದುಬಿಟ್ಟಿತು.

ಬಿತ್ತಿದ್ದೆಲ್ಲ ಕೊಳೆಯಿತು. ಅದೇ ತಳಿಯನ್ನು ಮರುವರ್ಷ ನೀರು ನಿಲ್ಲದ ಮೇಲಿನ ಗದ್ದೆಗೆ ಹಾಕಿದೆವು. ಸೊಂಟದೆತ್ತರದ ಗಿಡ, ಮೈತುಂಬ ಕಾಳು. ಗಜನಿಗೆ ಈಗ ಮತ್ತೆ ಕಗ್ಗವೇ. ಅವತ್ತು ನೀರು ಎದೆಮಟ್ಟ ಇತ್ತಷ್ಟೇ ಎಂದು ಇವರು ಊರಿಗೆಲ್ಲ ಹೇಳುತ್ತಾರೆ. ನಾನು ಎದುರಾಡುವುದಿಲ್ಲ. ಮಳೆಗಾಲದಲ್ಲಿ ಇವರು ಅತ್ತ ಹೊರಟರೆ ಚಹಾದ ನೆವ ಮಾಡಿಕೊಂಡು ಹಿಂದೆಯೇ ಹೋಗುತ್ತೇನೆ. ಮೇಲೆ ಹತ್ತಿ ಬರುವ ತನಕ ಇವರ ತಲೆಯಿಂದ ಕಣ್ಣು ಕೀಳುವುದಿಲ್ಲ.